ಮಗು ಮಲಗಿದಾಗ ನಿನಗೆ ನಿದ್ದೆ ಬರುತ್ತದೆಯೇ?

ಉಡುಪಿಯ ಕಡಲ ಬದಿಯ ಗ್ರಾಮವೊಂದರಲ್ಲಿ ನಾನು ಆಶಾ ಕಾರ್ಯಕರ್ತೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಬಾಣಂತಿಯನ್ನು 3, 7, 14, 21, 28 ಮತ್ತು 42ನೇ ದಿನ ಹೋಗಿ ನೋಡಬೇಕು. ಮಗುವಿನ ತೂಕ, ಮೈಬಿಸಿ, ಹೊಕ್ಕುಳು, ಹಾಲು ಕುಡಿಯುವ ರೀತಿ ಎಲ್ಲವನ್ನೂ ನಮೂನೆಯಲ್ಲಿ ಬರೆಯಬೇಕು. ಮೊದಲ ಕೆಲವು ವರ್ಷ ನಾನು ಅಷ್ಟನ್ನೇ ಬರೆದು ಎದ್ದು ಬರುತ್ತಿದ್ದೆ.

ಒಮ್ಮೆ ಆಟಿ ತಿಂಗಳ ಮಳೆಯಲ್ಲಿ ಚೊಚ್ಚಲ ಬಾಣಂತಿಯೊಬ್ಬಳ ತವರಿಗೆ 14ನೇ ದಿನದ ಭೇಟಿಗೆ ಹೋದೆ. ಮಗುವಿನ ತೂಕ ಏರಿತ್ತು. ಎಣ್ಣೆ ಸ್ನಾನ, ಲೇಹ, ಕಷಾಯ ಯಾವುದಕ್ಕೂ ಕೊರತೆಯಿರಲಿಲ್ಲ. ಹೇಗಿದ್ದೀಯ ಎಂದರೆ "ಚೆನ್ನಾಗಿದ್ದೇನೆ ಅಕ್ಕ" ಎಂದಳು. ಮಳೆ ಬಿಡಲಿಲ್ಲವೆಂದು ಇನ್ನೂ ಸ್ವಲ್ಪ ಹೊತ್ತು ಕುಳಿತೆ. ಅವಳ ತಾಯಿ ಹಂಡೆಯ ಬೆಂಕಿ ನೋಡಲು ಹೋದಾಗ, "ಮಗು ಮಲಗಿದಾಗ ನಿನಗೆ ನಿದ್ದೆ ಬರುತ್ತದೆಯೇ?" ಎಂದು ಕೇಳಿದೆ. ಅವಳು ಅತ್ತುಬಿಟ್ಟಳು. ಒಂದು ವಾರದಿಂದ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. "ಮಗುವನ್ನು ಎತ್ತಿಕೊಂಡರೆ ಏನೂ ಅನ್ನಿಸುವುದಿಲ್ಲ, ನಾನು ಎಂಥ ತಾಯಿ?" ಎಂದಳು.

ಹೆರಿಗೆಯಾದ ಮೂರನೆಯ, ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವುದು ಬಹಳ ಮಂದಿಗೆ ಉಂಟು. ಎರಡು ವಾರದೊಳಗೆ ಅದು ತಾನಾಗಿಯೇ ಇಳಿಯುತ್ತದೆ. ಇಳಿಯದೆ ಹೋದರೆ, ನಿದ್ದೆಯೇ ಹಾರಿಹೋದರೆ, ಖಿನ್ನತೆ ಇರಬಹುದು. ಅದು ಕಾಯಿಲೆ. ಕೊಬ್ಬಲ್ಲ, ದೃಷ್ಟಿ ತಾಗಿದ್ದೂ ಅಲ್ಲ.

"ನಾನು ನಾಲ್ಕು ಹೆತ್ತಿದ್ದೇನೆ, ನಮಗೆ ಇದೆಲ್ಲ ಇರಲಿಲ್ಲ" ಎಂದರು ಅವಳ ತಾಯಿ. ನಾನು ವಾದಿಸಲಿಲ್ಲ. "ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂದರೆ ಡಾಕ್ಟರರ ಬಳಿ ಹೋಗುವುದಿಲ್ಲವೇ ದೊಡ್ಡಮ್ಮ? ಇದೂ ಹಾಗೆಯೇ" ಎಂದೆ. ಮರುದಿನ ರಿಕ್ಷಾದಲ್ಲಿ ಹೋದೆವು. ಎದೆಹಾಲು ನಿಲ್ಲಿಸಬೇಕಾಗಲಿಲ್ಲ, ಹಾಲೂಡಿಸುವವರಿಗೆ ಹೊಂದುವ ಮಾತ್ರೆಯನ್ನೇ ವೈದ್ಯರು ಬರೆದುಕೊಟ್ಟರು. ರಾತ್ರಿ ಹಾಲು ಕುಡಿದ ಮಗುವನ್ನು ತೊಟ್ಟಿಲಲ್ಲಿ ತೂಗುವ ಕೆಲಸವನ್ನು ಆ ದೊಡ್ಡಮ್ಮನೇ ವಹಿಸಿಕೊಂಡರು. ಮಾತ್ರೆಯಷ್ಟೇ ಆ ನಿದ್ದೆಯೂ ಕೆಲಸ ಮಾಡಿತು ಎಂದು ನಾನು ನಂಬಿದ್ದೇನೆ.

ಹಿರಿಯರೊಡನೆ ಜಗಳವಾಡಿ ನಾನು ಏನನ್ನೂ ಸಾಧಿಸಿಲ್ಲ. ನೀರು ಕುಡಿದರೆ ಬಾಣಂತಿಯ ಮೈ ಊದುತ್ತದೆ ಎಂದು ಹಲವು ಮನೆಗಳಲ್ಲಿ ನೀರನ್ನು ಅಳೆದು ಕೊಡುತ್ತಾರೆ. ನಾನು "ಪ್ರತಿ ಸಲ ಹಾಲೂಡಿಸುವಾಗ ಒಂದು ಲೋಟ ಬಿಸಿ ಜೀರಿಗೆ ನೀರು ಕೊಡಿ" ಎನ್ನುತ್ತೇನೆ. ಅದಕ್ಕೆ ಯಾರೂ ಬೇಡವೆನ್ನುವುದಿಲ್ಲ. ಆದರೆ ರಕ್ತಸ್ರಾವ ಹೆಚ್ಚಾದರೆ, ಜ್ವರ ಬಂದರೆ, ತಲೆನೋವಿನೊಡನೆ ಕಣ್ಣು ಮಂಜಾದರೆ ಯಾರ ಮನ ನೋಯುತ್ತದೆಂದೂ ನೋಡದೆ ಆಗಲೇ ಆಸ್ಪತ್ರೆಗೆ ಹೊರಡಿಸುತ್ತೇನೆ. ತಾಯಿ ಕಾರ್ಡಿನ ಹಿಂಬದಿಯಲ್ಲಿ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಡುತ್ತೇನೆ. ರಾತ್ರಿ ಎರಡು ಗಂಟೆಗೆ ನಾನು ಸಿಗದಿದ್ದರೂ ಅಲ್ಲಿ ಯಾರಾದರೂ ಮಾತಿಗೆ ಸಿಗುತ್ತಾರೆ.

ಈಗ ಯಾವ ಮನೆಗೆ ಹೋದರೂ, ಮಗುವನ್ನು ಮುಟ್ಟುವ ಮೊದಲು ಕೈ ತೊಳೆಯಲು ಬಿಸಿನೀರು ಬೇಕೆನ್ನುತ್ತೇನೆ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಬಚ್ಚಲು ಹಿತ್ತಲ ಬದಿಗಿರುತ್ತದೆ. ಹಂಡೆಯಿಂದ ನೀರು ತೋಡಿ ತರುವಷ್ಟರಲ್ಲಿ ನನಗೂ ಬಾಣಂತಿಗೂ ಐದು ನಿಮಿಷ ಸಿಗುತ್ತದೆ.