ಚೌಕಿಪೇಟೆಯ ಮಾಳಿಗೆ ಅಂಗಡಿ ಉಳಿದದ್ದು ಹೇಗೆ

ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆ ಕಡೆ ಹೋಗಿ 'ಪರಂಪರೆ ಉಳಿಸಿ' ಅಂತ ಹೇಳಿ ನೋಡಿ, ಟೀ ಕುಡಿಸಿ ಕಳಿಸುತ್ತಾರೆ. ಆ ಮಾತಿಗೆ ಬಾಡಿಗೆ ಹುಟ್ಟುವುದಿಲ್ಲ. ನಾನು ಕಟ್ಟಡದ ಕಂಟ್ರಾಕ್ಟರ್. ಹಳೆಯದನ್ನು ಕೆಡವಿ ಕಾಂಪ್ಲೆಕ್ಸ್ ಎತ್ತುವುದೂ ನನ್ನ ಕಸುಬೇ.

ಚಿತ್ರದುರ್ಗದಲ್ಲಾದರೆ ಕೋಟೆ ಇದೆ, ಕಾನೂನೂ ಇದೆ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದು ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ನಮ್ಮ ಪೇಟೆಯ ಅಂಗಡಿಮನೆಗಳಿಗೆ ಅಂಥ ಕಾವಲಿಲ್ಲ. ಮಾಲೀಕ ಮನಸ್ಸು ಮಾಡಿದರೆ ಜೆಸಿಬಿಗೆ ಒಂದು ಬೆಳಗ್ಗೆ ಸಾಕು.

'ಪೂರ್ತಿ ನೆಲಸಮ ಮಾಡಿ ಮೂರು ಫ್ಲೋರ್ ಎತ್ರಿ' ಅಂದಿದ್ದರು ಚೌಕಿಪೇಟೆಯ ಒಂದು ಹಳೇ ಅಂಗಡಿಯ ಯಜಮಾನರು. 'ಮೊದಲು ಅಳೀತೀನಿ ಯಜಮಾನ್ರೆ, ಆಮೇಲೆ ಮಾತಾಡೋಣ' ಅಂದೆ. ಜಾಗದ ಅಗಲ ಬರೀ 16 ಅಡಿ, ಉದ್ದ ಮಾತ್ರ ಹಿಂದಿನ ಓಣಿಯವರೆಗೆ. ಹಳೇ ಕಟ್ಟಡ ರಸ್ತೆಗೇ ತಾಗಿ ನಿಂತಿದೆ. ಹೊಸ ಪ್ಲಾನ್ ಪಾಸಾಗಬೇಕಾದರೆ ಮುಂದೆ ಜಾಗ ಬಿಡಬೇಕು, ಪಾರ್ಕಿಂಗ್ ತೋರಿಸಬೇಕು, ಮೆಟ್ಟಿಲಿಗೆ ಬೇರೆ ಜಾಗ ಹೋಗುತ್ತದೆ. ಎಲ್ಲ ಕಳೆದು ಬರೆದು ತೋರಿಸಿದೆ: ಕೆಳಗಿನ ಅಂಗಡಿ ಈಗಿರುವುದಕ್ಕಿಂತ ಸಣ್ಣದಾಗುತ್ತಿತ್ತು. ಪೇಟೆಯಲ್ಲಿ ದುಡ್ಡು ಹುಟ್ಟುವುದು ನೆಲಮಹಡಿಯಲ್ಲಿ, ಮೂರನೇ ಮಹಡಿಗೆ ಯಾವ ಗಿರಾಕಿ ಹತ್ತುತ್ತಾನೆ? ಯಜಮಾನರು ಚೀಟಿ ಮಡಚಿ ಜೇಬಿಗಿಟ್ಟುಕೊಂಡರು. ತಮ್ಮಂದಿರಿಬ್ಬರನ್ನು ಒಪ್ಪಿಸಲು ಇನ್ನೂ ಸಾಕಷ್ಟು ಸಮಯ ಹಿಡಿಯಿತು, ಅದು ಅವರ ಮನೆ ಮಾತು.

ಕೆಲಸದಲ್ಲಿ ಮೊದಲು ಕೈ ಹಾಕಿದ್ದು ಮಾಳಿಗೆಗೆ, ಅಂದರೆ ಮರದ ತೊಲೆ-ಜಂತೆಗಳ ಮೇಲೆ ಮಣ್ಣು ಹೊದೆಸಿದ ಚಪ್ಪಟೆ ಸೂರಿಗೆ. ಸೋರಿದಾಗೆಲ್ಲ ಹೊಸ ಮಣ್ಣು ಹೊದೆಸಿ ಹೊದೆಸಿ ಮಣ್ಣು ಮೊಣಕಾಲೆತ್ತರ ಬೆಳೆದಿತ್ತು, ಸಾಲದ್ದಕ್ಕೆ ಮೇಲೊಂದು ನೀರಿನ ಟ್ಯಾಂಕ್. ಮರ ಹಳತಾಗಿ ಬಾಗಿದೆ ಅಂತ ಎಲ್ಲರ ಲೆಕ್ಕ. ನಿಜಕ್ಕೂ ಬಾಗಿಸಿದ್ದು ಈ ಭಾರ. ಒಂದೇ ಕಡೆಯಿಂದ ಮಣ್ಣು ತೆಗೆದರೆ ತೊಲೆ ತಿರುಚಿಕೊಳ್ಳುತ್ತದೆ, ಹಾಗಾಗಿ ಕೆಳಗೆ ಜಾಕಿ ಕೊಟ್ಟು ಎರಡೂ ತುದಿಯಿಂದ ಸಮನಾಗಿ ಇಳಿಸಿದೆವು. ತೇಗದ ಜಂತೆಗಳನ್ನು ಒಂದೊಂದಾಗಿ ಸುತ್ತಿಗೆಯಲ್ಲಿ ಬಡಿದು ನೋಡಿದೆ. ನಡುಮಧ್ಯ ಗಟ್ಟಿ, ಗೋಡೆಯೊಳಗೆ ಹೂತ ತುದಿಗಳು ಮಾತ್ರ ಲಡ್ಡು ಹಿಡಿದು ಕೊಳೆತಿದ್ದವು. ಕಾರಣ, ಯಾರೋ ಒಳಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಬಳಿಸಿದ್ದರು. ಕಲ್ಲು-ಮಣ್ಣಿನ ಗೋಡೆಯ ತೇವಕ್ಕೆ ಹೊರಹೋಗಲು ದಾರಿಯಿಲ್ಲದೆ ಅದು ಮರಕ್ಕೆ ಇಳಿದಿತ್ತು. ಪ್ಲಾಸ್ಟರ್ ಕಿತ್ತು ಗೋಡೆ ಒಣಗಲು ಬಿಟ್ಟು, ಆಮೇಲೆ ಸುಣ್ಣದ ಗಾರೆ ಮಾಡಿಸಿದೆ. ಕೊಳೆತ ತುದಿ ಕತ್ತರಿಸಿ, ಗೋಡೆಗುಂಟ ಕಬ್ಬಿಣದ ತೊಲೆ ಕೂರಿಸಿ ಜಂತೆಗಳನ್ನು ಅದರ ಮೇಲಿಟ್ಟೆವು. ಕಬ್ಬಿಣ ಕಣ್ಣಿಗೆ ರಾಚುತ್ತದೆ, ನಿಜ. ಮರದ ಬಣ್ಣ ಬಳಿದು ಮುಚ್ಚುವ ಜಾಯಮಾನ ನನ್ನದಲ್ಲ.

ನಿದ್ದೆ ಕೆಡಿಸಿದ್ದು ಮಾತ್ರ ಪಕ್ಕದ ಸೈಟು. ಪೇಟೆಯಲ್ಲಿ ಎರಡು ಮನೆಗೆ ಒಂದೇ ಗೋಡೆ. ಪಕ್ಕದ್ದು ಬಿದ್ದರೆ ಇದಕ್ಕೆ ಆನಿಕೆ ಇಲ್ಲ. ನಮ್ಮ ಕೆಲಸ ಅರ್ಧವಾಗಿರುವಾಗಲೇ ಅವರು ಕೆಡವಿ ಪಾಯ ತೋಡಲು ಶುರು ಮಾಡಿದರು. ಹಳೇ ಗೋಡೆಗೆ ಕಾಂಕ್ರೀಟಿನ ಪಾಯ ಎಲ್ಲಿರುತ್ತದೆ? ಕಲ್ಲು ಹಾಸಿ ಎಬ್ಬಿಸಿದ್ದಷ್ಟೇ. ಅವರ ಮೇಸ್ತ್ರಿಯ ಹತ್ತಿರ ಹೋಗಿ, 'ಅಣ್ಣಾ, ಒಂದೇ ಸಲ ಉದ್ದಕ್ಕೆ ತೋಡಬ್ಯಾಡ. ನಾಲ್ಕಡಿ ತೋಡು, ತುಂಬು, ಒಂದು ತುಂಡು ಬಿಟ್ಟು ಮುಂದಿನದು ತೋಡು' ಅಂತ ಕೇಳಿಕೊಂಡೆ. ಹೆಚ್ಚಿನ ಕೂಲಿ ನಮ್ಮ ಯಜಮಾನರೇ ಕೊಟ್ಟರು. ಗೋಡೆಗೆ ಓರೆಯಾಗಿ ಆಧಾರ ಕೊಟ್ಟು, ಬಿರುಕಿನ ಮೇಲೆ ಗಾಜಿನ ಚೂರು ಅಂಟಿಸಿದೆ. ಗಾಜು ಒಡೆದರೆ ಗೋಡೆ ಜರುಗುತ್ತಿದೆ ಎಂದರ್ಥ. ಒಡೆಯಲಿಲ್ಲ.

ಈಗ ಕೆಳಗೆ ಬಟ್ಟೆ ಅಂಗಡಿ ಇದೆ. ಮಾಳಿಗೆ ಮೇಲೆ ಗೋಡೌನ್ ಮಾಡಿಕೊಳ್ಳುತ್ತೇವೆ ಅಂತ ಬಾಡಿಗೆದಾರರು ಕೇಳಿದ್ದರು. ಮೇಲೆ ಮೂಟೆ ಏರಿಸುವಂತಿಲ್ಲ ಎಂದು ಕರಾರುಪತ್ರದಲ್ಲೇ ಬರೆಸಿದ್ದೇವೆ.