ಬೆಳಗಾವಿಯಿಂದ ಸ್ಕೈ ದ್ವೀಪದ ನೀಸ್ಟ್ ಪಾಯಿಂಟ್‌ಗೆ: ಗಾಳಿ ನೋಡಿ ಹೆಜ್ಜೆ ಇಡುವ ದಾರಿ

ನೀಸ್ಟ್ ಪಾಯಿಂಟ್ ಅಂದರೆ ಸ್ಕಾಟ್ಲೆಂಡಿನ ಸ್ಕೈ ದ್ವೀಪದ ಪಶ್ಚಿಮದ ಕಟ್ಟಕಡೆಯ ತುದಿ. ಸಮುದ್ರದೊಳಗೆ ಚಾಚಿದ ಕಲ್ಲಿನ ಮೂಗು, ಅದರ ಮೇಲೊಂದು ದೀಪಸ್ತಂಭ. ಕಾರು ನಿಲ್ಲಿಸಿದಲ್ಲಿಂದ ನಡೆದು ಹೋಗಿ ಬರಲು ಎರಡು ಕಿಲೋಮೀಟರಿಗಿಂತ ಚೂರು ಹೆಚ್ಚು, ಅಷ್ಟೇ. ಬಾದಾಮಿಯಲ್ಲಿ ಮೇಲಣ ಶಿವಾಲಯದ ತನಕ ಹತ್ತಿದವರಿಗೆ ಈ ದೂರ ಲೆಕ್ಕಕ್ಕೇ ಬರುವುದಿಲ್ಲ. ಅಲ್ಲಿ ಕೆಡುಕು ಮಾಡುವುದು ದೂರವಲ್ಲ, ಗಾಳಿ. ಅದರ ಜೊತೆಗೆ ಒದ್ದೆ ಹುಲ್ಲು, ಒಂಟಿ ಕಾರಿನಗಲದ ರಸ್ತೆ, ಬೇಗ ಮುಗಿಯುವ ಇಲ್ಲವೇ ಮುಗಿಯದೇ ಉಳಿಯುವ ಹಗಲು. ಇಷ್ಟನ್ನು ತಿಳಿದುಕೊಂಡು ಹೋದರೆ ಅರವತ್ತು ದಾಟಿದವರೂ ಆರಾಮ ನೋಡಿ ಬರಬಹುದು.

ಊರು ಬಿಡುವ ಮೊದಲು

ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ಸಿಗುವ ಷೆಂಗೆನ್ ವೀಸಾ ಬ್ರಿಟನ್ನಿಗೆ ನಡೆಯುವುದಿಲ್ಲ. ಯುರೋಪ್ ಟೂರಿನ ಜೊತೆಗೆ ಸ್ಕಾಟ್ಲೆಂಡ್ ಸೇರಿಸಿಕೊಳ್ಳುವವರು ತಪ್ಪುವುದು ಇಲ್ಲಿಯೇ. ಬೇಕಾದದ್ದು ಬ್ರಿಟನ್ನಿನ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ. ಹೊರಡುವ ದಿನಕ್ಕೆ ಮೂರು ತಿಂಗಳಿಗಿಂತ ಮೊದಲು ಅರ್ಜಿ ಹಾಕಲು ಬರುವುದಿಲ್ಲ. ಬೆರಳಚ್ಚು ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರಕ್ಕೆ ತೀರ್ಮಾನ ಬರುತ್ತದೆ. ಬೆರಳಚ್ಚಿಗೆ ಬೆಂಗಳೂರು, ಪುಣೆ, ಮುಂಬೈಯಂಥ ಊರಿನ ವೀಸಾ ಕೇಂದ್ರಕ್ಕೆ ಹೋಗಬೇಕು.

ನಮ್ಮ ಕಡೆಯ ರೈತ ಕುಟುಂಬಗಳು ಇಲ್ಲೊಂದು ಮಾತು ಗಮನಿಸಬೇಕು. ಬೇಸಾಯದ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಐಟಿ ರಿಟರ್ನ್ ಇರುವುದಿಲ್ಲ. ಬ್ಯಾಂಕ್ ಖಾತೆಗೆ ಒಮ್ಮೆಲೇ ನಾಲ್ಕು ಲಕ್ಷ ಬಂದು ಬಿದ್ದದ್ದನ್ನು ನೋಡಿದ ಅಧಿಕಾರಿಗೆ ಅದು ಸಾಲ ತಂದು ತೋರಿಸಿದ ಹಣದಂತೆ ಕಾಣುತ್ತದೆ. ಹೊಲದ ಉತಾರ, ಕಾರ್ಖಾನೆ ಕೊಟ್ಟ ಕಬ್ಬಿನ ಬಿಲ್ಲು, ಆ ಬಿಲ್ಲಿನ ಹಣ ಯಾವ ತಾರೀಖಿಗೆ ಜಮಾ ಆಯಿತೆಂಬ ಪಾಸ್‌ಬುಕ್ಕಿನ ಸಾಲು, ಈ ಮೂರನ್ನೂ ಹೊಂದಿಸಿ ಇಡಿ. ಕನ್ನಡದಲ್ಲಿರುವ ಕಾಗದಕ್ಕೆಲ್ಲ ಇಂಗ್ಲಿಷ್ ಅನುವಾದ ಬೇಕು. ಅದರಲ್ಲಿ ಅನುವಾದಕರ ಹೆಸರು, ಸಹಿ, ತಾರೀಖು ಇರಬೇಕು.

ನಮ್ಮ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ಕಾಲಿಟ್ಟ ದಿನದಿಂದ ಹನ್ನೆರಡು ತಿಂಗಳು ನಡೆಯುತ್ತದೆ. ಮೊಬೈಲಿನ ಫೋಟೊ ಬೇಡ, ಮೂಲ ಕಾರ್ಡೇ ಕೈಯಲ್ಲಿರಲಿ. ಕೆಲವು ಬಾಡಿಗೆ ಕಂಪನಿಗಳು ಇಂಟರ್‌ನ್ಯಾಷನಲ್ ಪರ್ಮಿಟ್ ಕೂಡ ಕೇಳುತ್ತವೆ. ಅದನ್ನು ನಿಮ್ಮ ಜಿಲ್ಲೆಯ ಆರ್‌ಟಿಒದಲ್ಲಿಯೇ ಮಾಡಿಸಿಕೊಂಡು ಹೋದರೆ ಕೌಂಟರಿನಲ್ಲಿ ವಾದ ತಪ್ಪುತ್ತದೆ.

ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಚಲೋ. ಬೆಳಗಾವಿ ಕುಂದಾ ಮಾತ್ರ ಮನೆಯಲ್ಲೇ ಇರಲಿ. ಭಾರತದಿಂದ ಹಾಲಿನ ಪದಾರ್ಥ, ಮಾಂಸ ಒಯ್ಯಲು ಬ್ರಿಟನ್ನಿನಲ್ಲಿ ಬಿಡುವುದಿಲ್ಲ, ವಿಮಾನ ನಿಲ್ದಾಣದಲ್ಲೇ ಕಸಿದುಕೊಳ್ಳುತ್ತಾರೆ.

ಯಾವಾಗ

ಮೇ ತಿಂಗಳು ಮತ್ತು ಸೆಪ್ಟೆಂಬರಿನ ಮೊದಲ ಭಾಗ. ಜೂನ್ ಕೊನೆಯಲ್ಲಿ ರಾತ್ರಿ ಹತ್ತು ದಾಟಿದ ಮೇಲೆ ಹೊತ್ತು ಮುಳುಗುತ್ತದೆ. ಡಿಸೆಂಬರಿನಲ್ಲಿ ಮುಂಜಾನೆ ಒಂಬತ್ತರ ಸುಮಾರಿಗೆ ಹುಟ್ಟಿ ಮಧ್ಯಾಹ್ನ ಮೂರೂವರೆ ದಾಟುತ್ತಲೇ ಮುಳುಗುತ್ತದೆ. ಬೆಳಗಾವಿ 16 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಇದ್ದರೆ ನೀಸ್ಟ್ 57 ದಾಟಿದೆ. ಅದಕ್ಕೇ ಈ ವ್ಯತ್ಯಾಸ. ಜೂನ್‌ನಿಂದ ಆಗಸ್ಟ್ ತನಕ ಕೊಠಡಿ ಸಿಗುವುದೂ ಕಷ್ಟ, ಪಾರ್ಕಿಂಗ್ ಸಿಗುವುದೂ ಕಷ್ಟ, ಜೊತೆಗೆ ಮಿಜ್ ಎಂಬ ಸಣ್ಣ ನುಸಿಯ ಕಾಟ. ಈ ನುಸಿ ಗಾಳಿ ಬಿದ್ದ ಸಂಜೆ ಮೋಡದಂತೆ ಮುತ್ತುತ್ತದೆ. ತುಸು ಗಾಳಿ ಎದ್ದರೆ ಸಾಕು, ಮಾಯ. ನೀಸ್ಟ್‌ನಲ್ಲಿ ಗಾಳಿ ಇಲ್ಲದ ದಿನವೇ ಕಡಿಮೆ, ಆದ್ದರಿಂದ ಅದರ ತೊಂದರೆ ಹೆಚ್ಚಾಗುವುದು ಉಳಿದುಕೊಂಡ ಮನೆಯ ಅಂಗಳದಲ್ಲಿ.

ಬೇಸಿಗೆಯಲ್ಲೂ ಹಗಲಿನ ಉಷ್ಣತೆ 12ರಿಂದ 16 ಡಿಗ್ರಿ. ಬೆಳಗಾವಿಯ ಜನವರಿ ಮುಂಜಾನೆಯ ಚಳಿಗೆ ಅಂಬೋಲಿ ಘಟ್ಟದ ಜುಲೈ ಮಳೆ-ಗಾಳಿ ಸೇರಿಸಿದರೆ ಹೇಗಿರುತ್ತದೋ ಹಾಗೆ.

ರಸ್ತೆ

ಗ್ಲಾಸ್ಗೋದಿಂದ ದ್ವೀಪದ ಮುಖ್ಯ ಪಟ್ಟಣ ಪೋರ್ಟ್ರಿಗೆ ಸುಮಾರು 350 ಕಿಲೋಮೀಟರ್. ನಿಲ್ಲದೆ ಹೋದರೂ ಐದರಿಂದ ಐದೂವರೆ ತಾಸು. ಇನ್ವರ್ನೆಸ್‌ನಿಂದಾದರೆ ಅದರ ಅರ್ಧ. ಮುಖ್ಯ ಭೂಮಿಯಿಂದ ದ್ವೀಪಕ್ಕೆ 1995ರಿಂದ ಸೇತುವೆ ಇದೆ, ಈಗ ಟೋಲ್ ಇಲ್ಲ. ವಿಮಾನದಿಂದ ಇಳಿದ ದಿನವೇ ಸ್ಟೀರಿಂಗ್ ಹಿಡಿಯಬೇಡಿ. ನಿದ್ದೆಗೆಟ್ಟ ಕಣ್ಣಿಗೆ ಗ್ಲೆನ್‌ಕೋ ಕಣಿವೆಯ ತಿರುವುಗಳು ಒಳ್ಳೆಯವಲ್ಲ.

ಪೋರ್ಟ್ರಿಯಿಂದ ಡನ್‌ವೆಗನ್ ಎಂಬ ಊರಿಗೆ 35 ಕಿಲೋಮೀಟರ್. ಅಲ್ಲಿಂದ ಗ್ಲೆಂಡೇಲ್ ದಾರಿ ಹಿಡಿದು ತುದಿಗೆ ಇನ್ನು ಸುಮಾರು 18. ಪೆಟ್ರೋಲನ್ನು ಪೋರ್ಟ್ರಿಯಲ್ಲೇ ತುಂಬಿಸಿ. ಪಂಪಿನಲ್ಲಿ ಹುಡುಗರು ಇರುವುದಿಲ್ಲ, ನಾವೇ ಹಾಕಿಕೊಂಡು ಒಳಗೆ ಹೋಗಿ ದುಡ್ಡು ಕೊಡಬೇಕು. ಹಸಿರು ಹಿಡಿಕೆ ಪೆಟ್ರೋಲಿನದು, ಕಪ್ಪು ಡೀಸೆಲಿನದು. ಮೂತ್ರವಿಸರ್ಜನೆ, ಚಹಾ, ನೀರು ಎಲ್ಲ ಡನ್‌ವೆಗನ್‌ನಲ್ಲೇ ಮುಗಿಸಿ. ತುದಿಯಲ್ಲಿ ಏನಾದರೂ ಸಿಕ್ಕೀತೆಂದು ಲೆಕ್ಕ ಹಿಡಿಯಬೇಡಿ. ಬಸ್ಸಿನಲ್ಲೇ ಹೋಗುತ್ತೇವೆ ಎನ್ನುವವರಿಗೆ ಪೋರ್ಟ್ರಿ ತನಕ ಗ್ಲಾಸ್ಗೋದಿಂದ ಬಸ್ಸಿದೆ, ಮುಂದೆ ಟ್ಯಾಕ್ಸಿ ಅಥವಾ ಒಂದು ದಿನದ ಟೂರ್ ವ್ಯಾನ್ ನೋಡಿಕೊಳ್ಳಬೇಕು.

ಡನ್‌ವೆಗನ್ ದಾಟಿದ ಮೇಲೆ ರಸ್ತೆ ಒಂದೇ ಕಾರಿನಗಲ. ಅಲ್ಲಿಯೂ ವಾಹನ ಎಡಕ್ಕೇ ಓಡುವುದರಿಂದ ನಮಗೆ ಸುಲಭ ಅನಿಸುತ್ತದೆ, ಖರೆ. ಆದರೆ ಒಂಟಿ ರಸ್ತೆಯ ಪದ್ಧತಿ ಬೇರೆ. ಅಲ್ಲಲ್ಲಿ ಪಕ್ಕಕ್ಕೆ ಒಂದು ಕಾರು ಹಿಡಿಸುವಷ್ಟು ಅಗಲ ಮಾಡಿ ಬಿಳಿ ಫಲಕ ನೆಟ್ಟಿರುತ್ತಾರೆ. ಅದಕ್ಕೆ ಪಾಸಿಂಗ್ ಪ್ಲೇಸ್ ಅನ್ನುತ್ತಾರೆ. ಎದುರಿಗೆ ಕಾರು ಕಂಡಾಗ ಆ ಜಾಗ ನಿಮ್ಮ ಎಡಕ್ಕಿದ್ದರೆ ಒಳಗೆ ಸರಿದು ನಿಲ್ಲಿ. ಬಲಕ್ಕಿದ್ದರೆ ರಸ್ತೆ ದಾಟಿ ಅದರೊಳಗೆ ಹೋಗಬೇಡಿ, ಅದರ ಎದುರಿಗೆ ನಿಮ್ಮ ಎಡದಲ್ಲೇ ನಿಲ್ಲಿ. ಬರುವ ಕಾರು ಅದರೊಳಗೆ ಹೊಕ್ಕು ನಿಮ್ಮನ್ನು ದಾಟಿಕೊಂಡು ಹೋಗುತ್ತದೆ. ಇಬ್ಬರೂ ನಡುದಾರಿಯಲ್ಲಿ ಸಿಕ್ಕಿಬಿದ್ದರೆ ಯಾರಿಗೆ ಆ ಜಾಗ ಹತ್ತಿರವೋ ಅವರು ಹಿಂದಕ್ಕೆ ತೆಗೆಯುತ್ತಾರೆ.

ಹೆಡ್‌ಲೈಟ್ ಮಿಣುಕಿಸುವುದರ ಅರ್ಥ ಅಲ್ಲಿ ತಿರುವುಮುರುವು. ನಮ್ಮ ಹೆದ್ದಾರಿಯಲ್ಲಿ ಡಿಪ್ಪರ್ ಹೊಡೆದರೆ 'ನಾ ಬರಾಕತ್ತೀನಿ, ಸರಿ' ಎಂದು. ಅಲ್ಲಿನ ಒಂಟಿ ರಸ್ತೆಯಲ್ಲಿ ಎದುರಿನವರು ಹೊಡೆದರೆ ಹೆಚ್ಚಾಗಿ 'ನಾನು ನಿಂತಿದ್ದೇನೆ, ನೀವು ಬನ್ನಿ' ಎಂದು. ನೀವು ಊರಿನ ಅಭ್ಯಾಸದಲ್ಲಿ ಹೊಡೆದು ನುಗ್ಗಿದರೆ ಅವರೂ ನುಗ್ಗುತ್ತಾರೆ, ಮೂತಿಗೆ ಮೂತಿ. ಹಾರ್ನ್ ಮುಟ್ಟಲೇಬೇಡಿ. ದಾಟುವಾಗ ಸ್ಟೀರಿಂಗಿನಿಂದ ಒಂದು ಬೆರಳು ಎತ್ತಿದರೆ ಸಾಕು, ಅದೇ ಅಲ್ಲಿಯ ನಮಸ್ಕಾರ.

ಹಿಂದೆ ಯಾರಾದರೂ ಅಂಟಿಕೊಂಡು ಬಂದರೆ ಎಡದ ಜಾಗಕ್ಕೆ ಸರಿದು ಅವರಿಗೆ ದಾರಿ ಬಿಡಿ. ಅವರು ಊರಿನವರು, ಕೆಲಸಕ್ಕೆ ಹೊರಟವರು. ಫೋಟೊ ತೆಗೆಯಲು ಪಾಸಿಂಗ್ ಪ್ಲೇಸಿನಲ್ಲಿ ಕಾರು ನಿಲ್ಲಿಸುವುದು ಅಲ್ಲಿಯವರಿಗೆ ಸಿಟ್ಟು ಬರಿಸುವ ಮೊದಲ ಕೆಲಸ. ರಸ್ತೆಯಂಚಿನ ಹಸಿರು ನಂಬಿ ಚಕ್ರ ಇಳಿಸಲೂಬೇಡಿ. ಅದರ ಅಡಿಯಲ್ಲಿ ಪೀಟ್ ಎಂಬ ಕರಿ ಜೌಗುಮಣ್ಣು ಇರುತ್ತದೆ. ಮಳೆಗಾಲದಲ್ಲಿ ವಿಜಯಪುರದ ಎರಿ ಹೊಲಕ್ಕೆ ಕಾರು ಇಳಿಸಿದರೆ ಏನಾಗುತ್ತದೋ ಅಲ್ಲೂ ಅದೇ. ಬಿಳಿ ವೃತ್ತಕ್ಕೆ ಕರಿ ಅಡ್ಡಗೆರೆ ಎಳೆದ ಫಲಕ ಕಂಡರೆ ಕಾನೂನಿನಂತೆ ಗಂಟೆಗೆ 60 ಮೈಲಿ ತನಕ ಹೋಗಬಹುದು. ಹೋಗಬೇಕು ಅಂತಲ್ಲ. 30 ಮೈಲಿ, ಅಂದರೆ 48 ಕಿಲೋಮೀಟರ್ ಬರೋಬ್ಬರಿ. ಕುರಿಗಳು ಕುರುಬರಿಲ್ಲದೆ ತಿರುಗುತ್ತವೆ, ಬಿಸಿ ಡಾಂಬರಿನ ಮೇಲೆ ಮಲಗಿರುತ್ತವೆ. ಮರಿ ರಸ್ತೆಯ ಒಂದು ಕಡೆ, ತಾಯಿ ಇನ್ನೊಂದು ಕಡೆ ಇದ್ದರೆ ಮರಿ ಓಡಿ ಬಂದೇ ಬರುತ್ತದೆ.

ಕಾರಿನ ಬಾಗಿಲು

ಇದಕ್ಕೆ ಬೇರೆ ತಲೆಬರಹವೇ ಬೇಕು, ಅಷ್ಟು ಜನ ಇಲ್ಲಿ ದುಡ್ಡು ಕಳೆದುಕೊಳ್ಳುತ್ತಾರೆ. ಬಾಗಿಲಿನ ತಿರುಗಣಿ ಇರುವುದು ಅದರ ಮುಂದಿನ ಅಂಚಿಗೆ. ಗಾಳಿ ಹಿಂದಿನಿಂದ ಬೀಸುತ್ತಿದ್ದರೆ ಬಾಗಿಲು ತೆರೆದ ಕ್ಷಣ ಅದರ ಒಳಮೈಗೆ ಬಡಿದು, ಹಾಯಿಯಂತೆ ಹಿಡಿದು, ಪೂರ್ತಿ ಮುಂದಕ್ಕೆ ಎಳೆದುಬಿಡುತ್ತದೆ. ತಿರುಗಣಿ ಬಾಗುತ್ತದೆ, ಮುಂದಿನ ತಗಡು ಸೊಟ್ಟಾಗುತ್ತದೆ, ಬಾಗಿಲು ಮತ್ತೆ ಹಾಕಲು ಬರುವುದಿಲ್ಲ. ಕಾರಿನ ಮೂತಿ ಗಾಳಿಗೆ ಎದುರಾಗಿ ನಿಲ್ಲಿಸಿದರೆ ಗಾಳಿಯೇ ಬಾಗಿಲನ್ನು ಮುಚ್ಚಲು ತಳ್ಳುತ್ತದೆ. ಹುಲ್ಲು ಯಾವ ಕಡೆ ಬಾಗಿದೆ ನೋಡಿ ನಿಲ್ಲಿಸಿ. ಒಂದು ಸಲಕ್ಕೆ ಒಂದೇ ಬಾಗಿಲು, ಎರಡೂ ಕೈಯಿಂದ ಹಿಡಿದು, ಹಗೂರಕ. ಮಕ್ಕಳ ಬಾಗಿಲನ್ನು ದೊಡ್ಡವರು ಹೊರಗಿನಿಂದ ತೆಗೆಯಲಿ. ಬಾಡಿಗೆ ಕಾರಿನ ವಿಮೆಯಲ್ಲಿ ಗಾಳಿಗೆ ಬಾಗಿದ ಬಾಗಿಲು ಸೇರಿದೆಯೋ ಇಲ್ಲವೋ ಸಹಿ ಮಾಡುವ ಮೊದಲೇ ಕೇಳಿ.

ಹೋಗುವುದೋ ಬಿಡುವುದೋ

ಹಿಂದಿನ ರಾತ್ರಿ ಬ್ರಿಟನ್ನಿನ ಹವಾಮಾನ ಇಲಾಖೆಯಾದ ಮೆಟ್ ಆಫೀಸಿನ ಮುನ್ಸೂಚನೆ ನೋಡಿ. ಅದರಲ್ಲಿ ಗಾಳಿಗೆ ಎರಡು ಅಂಕಿ ಇರುತ್ತವೆ: ಸರಾಸರಿ ವೇಗ, ಮತ್ತು ಗಸ್ಟ್ ಅಂದರೆ ನಡುನಡುವಿನ ಹೊಡೆತ. ಜನ ಮೊದಲನೆಯದನ್ನು ನೋಡಿ ಹೊರಡುತ್ತಾರೆ, ಕೆಡವುವುದು ಎರಡನೆಯದು. ಹೊಡೆತ ಗಂಟೆಗೆ 40 ಮೈಲಿ ದಾಟಿದ್ದರೆ ಮಕ್ಕಳು, ಮುದುಕರು ಮೇಲೆ ಪಾರ್ಕಿಂಗಿನಲ್ಲೇ ಉಳಿಯಲಿ. 50 ದಾಟಿದ್ದರೆ ಯಾರೂ ಇಳಿಯುವುದು ಬೇಡ. ಅಂಕಿ ಏನೇ ಇದ್ದರೂ ಕೊನೆಯ ಮಾತು ಕಾರಿನಿಂದ ಇಳಿದು ನಿಂತಾಗಿನದು. ನೆಟ್ಟಗೆ ನಿಲ್ಲಲು ಮೈ ವಾಲಿಸಬೇಕಾಯಿತೇ? ತಿರುಗಿ ಡನ್‌ವೆಗನ್‌ಗೆ ಹೋಗಿ ಸೂಪ್ ಕುಡಿಯಿರಿ. ಅಲ್ಲಿಯ ಹವೆ ತಾಸಿಗೊಮ್ಮೆ ಬದಲಾಗುತ್ತದೆ, ಸಂಜೆ ಮತ್ತೆ ಬರಬಹುದು. ಅದಕ್ಕಾಗಿಯೇ ದ್ವೀಪದಲ್ಲಿ ಕನಿಷ್ಠ ಮೂರು ರಾತ್ರಿ ಇಟ್ಟುಕೊಳ್ಳಿ.

ಪೂರ್ವದ ಗಾಳಿಯ ಬಗ್ಗೆ ಎಚ್ಚರ. ಅದು ನೆಲದ ಕಡೆಯಿಂದ ಬರುವುದರಿಂದ ಸೌಮ್ಯ ಅನಿಸುತ್ತದೆ, ಆದರೆ ಕಡಿದಾದ ಅಂಚಿನಲ್ಲಿ ನಿಂತವರನ್ನು ಸಮುದ್ರದ ಕಡೆಗೇ ತಳ್ಳುತ್ತದೆ.

ಛತ್ರಿ ಒಯ್ದರೆ ತಿರುಗಿ ತರುವುದು ಬರೀ ಕಡ್ಡಿ. ಟೊಪ್ಪಿಗೆಯಿರುವ ವಾಟರ್‌ಪ್ರೂಫ್ ಜರ್ಕಿನ್, ಅದರೊಳಗೆ ಸ್ವೆಟರ್, ಹಿಡಿತದ ಅಡಿಯಿರುವ ಬೂಟು. ಜೀನ್ಸ್ ಒದ್ದೆಯಾದರೆ ಬೇಗ ಒಣಗುವುದಿಲ್ಲ, ಗಾಳಿಗೆ ಕಾಲು ಮರಗಟ್ಟುತ್ತದೆ. ಸೀರೆ, ಓಢಣಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಅವ್ವಂದಿರಿಗೆ ಟ್ರ್ಯಾಕ್ ಪ್ಯಾಂಟ್ ಒಪ್ಪಿಸುವ ಕೆಲಸ ಊರಲ್ಲೇ ಮುಗಿಸಿಕೊಳ್ಳಿ. ತಲೆಗೆ ಮಂಕಿ ಟೋಪಿ. ನಗುವವರು ನಗಲಿ, ಕಿವಿ ಮುಚ್ಚುವುದಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ.

ಇಳಿದು ಹತ್ತುವ ದಾರಿ

ನಮ್ಮ ಗುಡ್ಡದ ಗುಡಿಗಳಲ್ಲಿ ಮೊದಲು ಹತ್ತುತ್ತೇವೆ, ದಣಿದ ಮೇಲೆ ಇಳಿಯುತ್ತೇವೆ. ನೀಸ್ಟ್‌ನಲ್ಲಿ ಉಲ್ಟಾ. ಪಾರ್ಕಿಂಗಿನಿಂದಲೇ ಕಡಿದಾದ ಕಾಂಕ್ರೀಟ್ ಮೆಟ್ಟಿಲು ಇಳಿಯುತ್ತದೆ, ಪಕ್ಕದಲ್ಲಿ ಹಿಡಿಯಲು ಕಂಬಿ ಇದೆ. ಆ ಏರು ಕೊನೆಗೆ ಉಳಿದಿರುತ್ತದೆ. ಮೊಣಕಾಲು ನೋವಿನವರು ಇಳಿಯುವಾಗ ಸುಲಭವಾಯಿತೆಂದು ಮುಂದೆ ಹೋಗಬಾರದು. ಹೋಗಿ ಬರಲು ಒಂದರಿಂದ ಒಂದೂವರೆ ತಾಸು ಹಿಡಿಯಿರಿ. ಮಳೆಯಲ್ಲಿ ಕಾಂಕ್ರೀಟಿನ ಮೇಲಿನ ಪಾಚಿ ಜಾರುತ್ತದೆ.

ಇಳಿದ ಮೇಲೆ ದಾರಿ ಸಮ. ಎಡಕ್ಕೆ ಮೂನೆನ್ ಕೊಲ್ಲಿ, ಅದರಾಚೆ ವಾಟರ್‌ಸ್ಟೈನ್ ಹೆಡ್ ಎಂಬ ಕಡಿದಾದ ಬಂಡೆಗೋಡೆ, 296 ಮೀಟರ್ ಎತ್ತರ. ಗೋಕಾಕ ಜಲಪಾತದ 52 ಮೀಟರ್ ನೆನಪಿಗೆ ತಂದುಕೊಂಡು ಸುಮಾರು ಐದೂಮುಕ್ಕಾಲು ಪಟ್ಟು ಎತ್ತರಿಸಿ ನೋಡಿ. ಮುಂದೆ ಆನ್ ಟಾಯ್‌ಗೆಹ್ ಎಂಬ ದಿಬ್ಬ ಅಡ್ಡ ಬರುತ್ತದೆ. ದಾರಿ ಅದರ ಬದಿಯಿಂದ ಸುತ್ತಿ ಹೋಗುತ್ತದೆ. ದಿಬ್ಬದ ಈಚೆ ಹುಲ್ಲಿನ ಇಳಿಜಾರು ಹತ್ತಲು ಕರೆಯುವಂತಿದೆ, ಆದರೆ ಆಚೆ ಮಗ್ಗುಲು ಕತ್ತರಿಸಿದಂತೆ ಸಮುದ್ರಕ್ಕೆ ಬಿದ್ದಿದೆ, ಬೇಲಿ ಇಲ್ಲ. ಕುರಿ ಮೇಯ್ದು ಗಿಡ್ಡ ಮಾಡಿದ ಹುಲ್ಲು ಒದ್ದೆಯಾದರೆ ಸಾಬೂನಿನಂತೆ. ಅಂಚಿನಿಂದ ನಿಮ್ಮ ಎತ್ತರದ ಎರಡು ಪಟ್ಟು ದೂರವಿರಿ, ಜಾರಿ ಬಿದ್ದರೂ ಮೈ ಅಂಚಿನೊಳಗೇ ಉಳಿಯಬೇಕು.

ದೀಪಸ್ತಂಭದ ಎಂಜಿನಿಯರ್ ಡೇವಿಡ್ ಅಲನ್ ಸ್ಟೀವನ್ಸನ್. ಹೊತ್ತಿದ್ದು 1909ರಲ್ಲಿ, 1990ರಿಂದ ಕಾವಲುಗಾರರಿಲ್ಲದೆ ತಾನೇ ಉರಿಯುತ್ತದೆ. ಗೋಪುರ 19 ಮೀಟರ್. ಪಕ್ಕದ ಹಳೆಯ ಮನೆಗಳೊಳಗೆ ಹೋಗಬೇಡಿ. ಅದರಾಚೆಯ ಬಂಡೆಗಳೇ ನೋಡುವಂಥವು. ಕಂಬ ಜೋಡಿಸಿದಂತೆ ಕಾಣುವ ಕರಿಕಲ್ಲು, ಕರಗಿದ ಕಲ್ಲು ಆರುತ್ತ ಬಿರಿದು ಆದದ್ದು. ವಿಜಯಪುರದವರಿಗೆ ಪರಿಚಯದ ಮುಖ ಕಂಡಂತಾದೀತು. ಗೋಲಗುಮ್ಮಟದ ಕಲ್ಲು ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾದ್ದು, ಸ್ಕೈ ದ್ವೀಪದ ಲಾವಾ ಸುಮಾರು 6 ಕೋಟಿ ವರ್ಷದ್ದು. ದೂರದ ಬೀಗರು ಅನ್ನಿ.

ಬಂಡೆಯ ಕೆಳಭಾಗದಲ್ಲಿ ಎಣ್ಣೆ ಹಚ್ಚಿದಂತೆ ಮಿಂಚುವ ಕಪ್ಪು ಪಟ್ಟಿಯೊಂದು ಕಾಣುತ್ತದೆ. ನೀರು ಅಲ್ಲಿಯ ತನಕ ಬರುತ್ತದೆ ಎಂಬ ಗುರುತು ಅದು, ಅದಕ್ಕಿಂತ ಕೆಳಗೆ ಇಳಿಯಬೇಡಿ. ಮೇಲೆ ಕುಳಿತು ಹತ್ತು ನಿಮಿಷ ಅಲೆ ನೋಡಿ. ಐದಾರು ಸಣ್ಣವು ಬಂದು ಒಮ್ಮೆಗೇ ದೊಡ್ಡದು ಏರುವುದು ಆಗ ಕಾಣುತ್ತದೆ. ಬೇಸಿಗೆಯಲ್ಲಿ ಇಲ್ಲಿಂದ ಮಿಂಕೆ ತಿಮಿಂಗಿಲ, ಬಾಸ್ಕಿಂಗ್ ಶಾರ್ಕ್ ಕಾಣಸಿಗುತ್ತವೆ. ಬೆನ್ನಿನ ರೆಕ್ಕೆ ಹುಡುಕುವುದಕ್ಕಿಂತ ಗ್ಯಾನೆಟ್ ಎಂಬ ಬಿಳಿ ಹಕ್ಕಿಗಳು ಗುಂಪಾಗಿ ನೀರಿಗೆ ಬೀಳುವ ಜಾಗ ಹುಡುಕಿ. ಮೀನು ಇದ್ದಲ್ಲಿ ಉಳಿದವೂ ಬರುತ್ತವೆ.

ಎಲ್ಲರೂ ನೋಡಿರುವ ಆ ಫೋಟೊ, ಇಡೀ ಮೂಗು ಮತ್ತು ದೀಪಸ್ತಂಭ ಒಂದೇ ಚೌಕಟ್ಟಿನಲ್ಲಿ, ಕೆಳಗಿನಿಂದ ಸಿಗುವುದಿಲ್ಲ. ಪಾರ್ಕಿಂಗಿನಲ್ಲಿ ಸಮುದ್ರಕ್ಕೆ ಮುಖ ಮಾಡಿ ಬಲಕ್ಕೆ ಕೆಲವು ನೂರು ಮೀಟರ್ ಮೇಲಂಚಿನಲ್ಲೇ ನಡೆಯಬೇಕು. ಇಳಿಯಲಾಗದವರಿಗೂ ಇದೇ ಜಾಗ. ಇಲ್ಲೂ ಬೇಲಿ ಇಲ್ಲ, ಸೆಲ್ಫಿಗೆ ಹಿಂದೆ ಹಿಂದೆ ಸರಿಯಬೇಡಿ.

ಮೊಬೈಲ್ ನೆಟ್‌ವರ್ಕ್ ನಂಬುವಂತಿಲ್ಲ, ನಕ್ಷೆ ಮೊದಲೇ ಇಳಿಸಿಕೊಂಡಿರಿ. ಯಾರಾದರೂ ಬಿದ್ದರೆ ಹಿಂದೆ ಇಳಿಯಬೇಡಿ. 999ಕ್ಕೆ ಕರೆ ಮಾಡಿ 'ಕೋಸ್ಟ್‌ಗಾರ್ಡ್' ಎಂದು ಕೇಳಿ. ಸಮುದ್ರದಂಚಿನ ಕಡಿದಾದ ಬಂಡೆಗೆ ರಕ್ಷಣೆಗೆ ಬರುವವರು ಅವರೇ.

ರಾತ್ರಿ ಕೊಠಡಿಗೆ ಬಂದ ಮೇಲೆ ಮೊಣಕಾಲ ಹಿಂಬದಿ, ಸೊಂಟ, ಕಂಕುಳು, ಮಕ್ಕಳಾದರೆ ಕೂದಲಂಚು ಕೂಡ ನೋಡಿ. ಹುಲ್ಲಿನಲ್ಲಿ ಉಣ್ಣಿ ಇರುತ್ತದೆ, ಎಳ್ಳಿನಷ್ಟೇ ಗಾತ್ರ. ಸಣ್ಣ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೆಟ್ಟಗೆ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ, ಸಾಯುವ ಉಣ್ಣಿ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಾರುತ್ತದೆ. ತಿಂಗಳೊಳಗೆ ಕಚ್ಚಿದ ಜಾಗದ ಸುತ್ತ ಕೆಂಪು ಹರಡುತ್ತ ಹೋದರೆ ಅಥವಾ ಫ್ಲೂ ತರಹದ ಜ್ವರ ಬಂದರೆ ಡಾಕ್ಟರ್ ಹತ್ತಿರ ಹೋಗಿ. ಅಷ್ಟರಲ್ಲಿ ನೀವು ಊರಿಗೆ ಬಂದಿರುತ್ತೀರಿ. ಉಣ್ಣಿ ಕಚ್ಚುವುದರಿಂದ ಬರುವ ಲೈಮ್ ರೋಗ ನಮ್ಮ ಕಡೆಯ ಡಾಕ್ಟರಿಗೆ ಅಪರೂಪ, ಆದ್ದರಿಂದ ಸ್ಕಾಟ್ಲೆಂಡಿಗೆ ಹೋಗಿದ್ದೆ, ಉಣ್ಣಿ ಕಚ್ಚಿತ್ತು, ಇಂಥ ತಾರೀಖು ಎಂದು ನೀವೇ ಮೊದಲು ಹೇಳಿ.