ಜರ್ಮನಿಯಲ್ಲಿ ನಿಮ್ಮ ಸಂಬಳ ನಿರ್ಧಾರ ಆಗೋದು ಅಪ್ರೈಸಲ್‌ನಲ್ಲಿ ಅಲ್ಲ

ಜರ್ಮನಿಗೆ ಕೆಲಸಕ್ಕೆ ಬಂದ ನಮ್ಮವರು ವರ್ಷದ ಕೊನೆ ಬಂತು ಅಂದರೆ ಕೇಳುವುದು ಒಂದೇ ಪ್ರಶ್ನೆ: ಈ ಸಲ ಹೈಕ್ ಎಷ್ಟು ಪರ್ಸೆಂಟ್? ಮ್ಯಾನೇಜರ್ ಬಾಯ್ತುಂಬ ಹೊಗಳಿದರು, ಆದರೆ ಸಂಬಳ ಮಾತ್ರ ಇದ್ದಲ್ಲೇ ಇದೆ ಅಂತ ಬೇಸರ ಮಾಡಿಕೊಳ್ಳುತ್ತಾರೆ. ಇದರಲ್ಲಿ ಮೋಸ ಏನೂ ಇಲ್ಲ. ಇಲ್ಲಿನ ದೊಡ್ಡ ಕಂಪನಿಗಳಲ್ಲಿ ಸಂಬಳದ ಬಹುಪಾಲು ನಿಂತಿರುವುದು ನಿಮ್ಮ ಹುದ್ದೆ ಯಾವ ದರ್ಜೆಯದು ಅನ್ನುವುದರ ಮೇಲೆ. ನೀವು ಎಷ್ಟು ಚೆನ್ನಾಗಿ ಕೆಲಸ ಮಾಡಿದಿರಿ ಅನ್ನುವುದು ಅದರ ಮೇಲೆ ಸೇರುವ ಸಣ್ಣ ಪಾಲಿಗೆ ಮಾತ್ರ. ಹಾಗಾಗಿ ಚೌಕಾಸಿ ಮಾಡುವುದಿದ್ದರೆ ದರ್ಜೆಯ ಬಗ್ಗೆ ಮಾಡಿ, ಅದೂ ಸಹಿ ಹಾಕುವ ಮೊದಲೇ.

ಸ್ಟುಟ್‌ಗಾರ್ಟ್ ಕಡೆಯ ಉದಾಹರಣೆ ತೆಗೆದುಕೊಳ್ಳೋಣ. ಆಡುಗೋಡಿಯ ಬಾಷ್‌ನಿಂದ ಹಿಡಿದು ಬೆಂಗಳೂರಿನ ಎಷ್ಟೋ ಆಫೀಸುಗಳಿಂದ ನಮ್ಮವರು ಬಂದು ಸೇರುವ ಜಾಗ ಅದು. ಬಾಡೆನ್-ವುರ್ಟೆಂಬೆರ್ಗ್ ರಾಜ್ಯದ ಕಾರು, ಯಂತ್ರ, ಎಲೆಕ್ಟ್ರಿಕಲ್ ಕಂಪನಿಗಳಲ್ಲಿ ಬಹಳಷ್ಟು ಕಡೆ ಐಜಿ ಮೆಟಾಲ್ ಯೂನಿಯನ್ ಮಾಡಿಕೊಂಡ 'ಎರಾ' ಅನ್ನುವ ಟಾರಿಫ್ ಒಪ್ಪಂದ, ಅಂದರೆ ಯೂನಿಯನ್ ಮತ್ತು ಕಂಪನಿಗಳ ನಡುವಿನ ಸಂಬಳದ ಒಪ್ಪಂದ, ನಡೆಯುತ್ತದೆ. ಅದರಲ್ಲಿ 17 ದರ್ಜೆಗಳಿವೆ, ಇಜಿ 1ರಿಂದ ಇಜಿ 17ರವರೆಗೆ. ಪ್ರತಿ ಹುದ್ದೆಗೂ ಅಂಕ ಹಾಕುತ್ತಾರೆ: ಆ ಕೆಲಸಕ್ಕೆ ಎಷ್ಟು ಓದು ಮತ್ತು ಅನುಭವ ಬೇಕು, ಎಷ್ಟು ಯೋಚನೆ ಬೇಕು, ಸ್ವಂತ ನಿರ್ಧಾರಕ್ಕೆ ಎಷ್ಟು ಜಾಗ ಇದೆ, ಬೇರೆಯವರ ಜೊತೆ ಎಷ್ಟು ವ್ಯವಹರಿಸಬೇಕು, ಜನರನ್ನು ನಡೆಸಬೇಕಾ ಅಂತ. ಅಂಕಗಳ ಮೊತ್ತವೇ ದರ್ಜೆ. ಗಮನಿಸಿ, ಅಂಕ ಬೀಳುವುದು ಹುದ್ದೆಗೆ, ನಿಮಗಲ್ಲ. ನಿಮ್ಮ ಹತ್ತಿರ ಎಂ.ಟೆಕ್ ಇರಬಹುದು, ಹನ್ನೆರಡು ವರ್ಷದ ಅನುಭವ ಇರಬಹುದು. ಆ ಕುರ್ಚಿಗೆ ಅದು ಬೇಕಿಲ್ಲ ಅಂದರೆ ಅದಕ್ಕೆ ದುಡ್ಡು ಸಿಗುವುದಿಲ್ಲ.

ಯಾವ ದರ್ಜೆಗೆ ಎಷ್ಟು ಯೂರೋ ಅನ್ನುವ ಪಟ್ಟಿ ಗುಟ್ಟೇನಲ್ಲ, ಯೂನಿಯನ್‌ನವರೇ ಪ್ರಕಟಿಸುತ್ತಾರೆ. ಇಂಟರ್‌ವ್ಯೂಗೆ ಹೋಗುವ ಮೊದಲು ಅದನ್ನು ನೋಡಿಕೊಳ್ಳಿ. ಎಚ್‌ಆರ್ ಜೊತೆ ಮಾತಾಡುವಾಗ 'ನನಗೆ ಇಷ್ಟು ಲಕ್ಷ ಬೇಕು' ಅನ್ನುವುದಕ್ಕಿಂತ 'ಈ ಹುದ್ದೆಯನ್ನು ಯಾವ ದರ್ಜೆಯಲ್ಲಿ ಇಟ್ಟಿದ್ದೀರಿ, ಅದರ ವಿವರಣೆ ಕೊಡಿ' ಅಂತ ಕೇಳಿ. ಆ ವಿವರಣೆಯ ಹಾಳೆಯಲ್ಲಿ ಬರೆದಿರುವುದಕ್ಕಿಂತ ಜಾಸ್ತಿ ಕೆಲಸ ನಿಮ್ಮಿಂದ ಬಯಸುತ್ತಿದ್ದರೆ ಅದೇ ನಿಮ್ಮ ಅಸ್ತ್ರ. ಸೇರಿದ ಮೇಲೂ ದರ್ಜೆ ಸರಿಯಿಲ್ಲ ಅಂತ ಆಕ್ಷೇಪಣೆ ಹಾಕಬಹುದು. ಕಂಪನಿಯವರೂ ಕಾರ್ಮಿಕರ ಪ್ರತಿನಿಧಿಗಳೂ ಸಮಸಮ ಕೂರುವ ಸಮಿತಿಯೊಂದು ಇಂಥವನ್ನು ನೋಡುತ್ತದೆ. ಆದರೆ ಅದು ತಿಂಗಳುಗಟ್ಟಲೆ ಎಳೆಯುವ ಕೆಲಸ. ಮೊದಲೇ ಸರಿಮಾಡಿಕೊಂಡರೆ ಒಳ್ಳೇದು.

ಇನ್ನು ಪರ್ಫಾರ್ಮೆನ್ಸ್ ಪಾಲು. ಎರಾದಲ್ಲಿ ಮೂಲ ಸಂಬಳದ ಮೇಲೆ 0ಯಿಂದ 30 ಪರ್ಸೆಂಟ್‌ವರೆಗೆ ಕೆಲಸದ ಭತ್ಯೆ ಸಿಗುತ್ತದೆ, ಕಂಪನಿಯಲ್ಲಿ ಒಟ್ಟು ಸರಾಸರಿ 15 ಪರ್ಸೆಂಟ್ ಬರಬೇಕು. ಒಬ್ಬರಿಗೆ 20 ಕೊಟ್ಟರೆ ಇನ್ನೊಬ್ಬರದ್ದು ಇಳಿಯಲೇಬೇಕು. ಇದೂ ಒಂದು ಥರ ಬೆಲ್ ಕರ್ವೇ ಅಲ್ವಾ? ಹೌದು, ಆದರೆ ಕೆಳಗಿರುವವರನ್ನು ವರ್ಷಾವರ್ಷ ಮನೆಗೆ ಕಳಿಸುವ ಪಟ್ಟಿಯಲ್ಲ ಇದು. ಬಾಕಿ ಏರಿಕೆ ಎಲ್ಲರಿಗೂ ಒಟ್ಟಿಗೆ ಬರುತ್ತದೆ, ಯೂನಿಯನ್ ಮಾತುಕತೆ ಮುಗಿದಾಗ. ನೀವು ಯೂನಿಯನ್ ಸದಸ್ಯರಲ್ಲದಿದ್ದರೂ ಸಾಮಾನ್ಯವಾಗಿ ಕಂಪನಿ ನಿಮಗೂ ಅದನ್ನೇ ಕೊಡುತ್ತದೆ.

ಬರ್ಲಿನ್‌ನ ಸ್ಟಾರ್ಟಪ್‌ಗಳ ಕಥೆ ಬೇರೆ. ಅಲ್ಲಿ ಹೆಚ್ಚಿನ ಕಡೆ ಟಾರಿಫ್ ಇಲ್ಲ, ದರ್ಜೆಯ ಪಟ್ಟಿ ಇದ್ದರೂ ಕಂಪನಿಯದೇ. ಅಲ್ಲಿ ನಮ್ಮ ಬೆಂಗಳೂರಿನ ಅಭ್ಯಾಸವೇ ಸರಿ, ಚೌಕಾಸಿ ಮಾಡಿ. ಬೋನಸ್‌ಗೆ ಗುರಿಗಳನ್ನು ಕಟ್ಟಿದ್ದರೆ ಆ ಗುರಿಗಳು ವರ್ಷದ ಶುರುವಿನಲ್ಲೇ ಬರವಣಿಗೆಯಲ್ಲಿ ಕೈಸೇರಬೇಕು. ವರ್ಷ ಬಹುಪಾಲು ಕಳೆದ ಮೇಲೆ ಗುರಿ ಹೇಳಿದ ಕಂಪನಿ ನಷ್ಟ ಪರಿಹಾರ ಕೊಡಬೇಕು ಅಂತ ಇಲ್ಲಿನ ಕಾರ್ಮಿಕ ವ್ಯಾಜ್ಯಗಳ ಅತ್ಯುನ್ನತ ಕೋರ್ಟು 2025ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ಮಾರ್ಚ್ ಆದರೂ ಗುರಿ ಬಂದಿಲ್ಲ ಅಂದರೆ ಒಂದು ಮೇಲ್ ಹಾಕಿ ಇಡಿ. ಸುಮ್ನೆ ಇದ್ದರೆ ಆಮೇಲೆ ತೋರಿಸಲು ಏನೂ ಇರುವುದಿಲ್ಲ.

ನಮ್ಮವರಿಗೆ ಅರ್ಥವಾಗಲು ಬಹಳ ದಿನ ಹಿಡಿಯುವ ಸಂಗತಿ ಬೆಟ್ರೀಬ್ಸ್‌ರಾಟ್, ಅಂದರೆ ನೌಕರರೇ ಆರಿಸಿದ ಮಂಡಳಿ. ಇದು ಯೂನಿಯನ್ ಅಲ್ಲ, ಎಚ್‌ಆರ್ ಅಂತೂ ಅಲ್ಲವೇ ಅಲ್ಲ. ಐದು ಜನ ಕಾಯಂ ನೌಕರರಿರುವ ಕಡೆಯೂ ಆರಿಸಿಕೊಳ್ಳಬಹುದು. ಅಪ್ರೈಸಲ್ ಯಾವ ಮಾನದಂಡದ ಮೇಲೆ ಮಾಡಬೇಕು ಅನ್ನುವುದಕ್ಕೆ ಇವರ ಒಪ್ಪಿಗೆ ಬೇಕು. ಇಪ್ಪತ್ತಕ್ಕಿಂತ ಜಾಸ್ತಿ ನೌಕರರಿದ್ದರೆ ಹೊಸಬರನ್ನು ದರ್ಜೆಗೆ ಸೇರಿಸುವಾಗಲೂ ಬೇಕು. ನೀವು ಎಷ್ಟು ಹೊತ್ತು ಲಾಗಿನ್ ಆಗಿದ್ದಿರಿ, ಎಷ್ಟು ಟಿಕೆಟ್ ಮುಚ್ಚಿದಿರಿ ಅಂತ ಅಳೆಯುವ ಸಾಫ್ಟ್‌ವೇರ್ ಹಾಕಲೂ ಇವರನ್ನು ಕೇಳಲೇಬೇಕು. ನಿಮ್ಮ ಸಂಬಳ ಹೇಗೆ ಲೆಕ್ಕ ಹಾಕಿದ್ದಾರೆ, ನಿಮ್ಮ ಕೆಲಸದ ಬಗ್ಗೆ ಏನು ಅಭಿಪ್ರಾಯ ಅಂತ ಕಂಪನಿಯನ್ನು ಕೇಳುವ ಹಕ್ಕು ಕಾನೂನಿನಲ್ಲೇ ಇದೆ, ಆ ಮಾತುಕತೆಗೆ ಮಂಡಳಿಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಹುದು. ನಮ್ಮಲ್ಲಿ ಇದನ್ನು ಬಾಸ್ ಮೇಲೆ ಚಾಡಿ ಹೇಳಿದಂತೆ ನೋಡುತ್ತಾರೆ. ಇಲ್ಲಿ ಹಾಗಿಲ್ಲ, ಮ್ಯಾನೇಜರುಗಳೇ ಕೆಲವೊಮ್ಮೆ 'ಅವರನ್ನೂ ಕರೆದುಕೊಂಡು ಬನ್ನಿ' ಅನ್ನುತ್ತಾರೆ.

ಸ್ಯಾಲರಿ ಸ್ಲಿಪ್ ಒಂದು ಸಲ ಬಿಡಿಸಿ ನೋಡೋಣ. ಮದುವೆಯಾಗದ, ಮಕ್ಕಳಿಲ್ಲದ ಒಬ್ಬರಿಗೆ ತಿಂಗಳಿಗೆ 5,000 ಯೂರೋ ಬ್ರುಟ್ಟೊ (ಕಡಿತಕ್ಕೆ ಮೊದಲಿನ ಸಂಬಳ) ಅಂದುಕೊಳ್ಳಿ. 2025ರ ದರದಲ್ಲಿ ಪೆನ್ಶನ್‌ಗೆ 9.3 ಪರ್ಸೆಂಟ್, ಅಂದರೆ 465 ಯೂರೋ. ನಿರುದ್ಯೋಗ ವಿಮೆಗೆ 65. ಆರೋಗ್ಯ ವಿಮೆಗೆ 365, ಅದರ ಮೇಲೆ ವಿಮಾ ಸಂಸ್ಥೆಯ ಹೆಚ್ಚುವರಿಯ ಅರ್ಧ. ಮುದಿವಯಸ್ಸಿನ ಆರೈಕೆ ವಿಮೆಗೆ, ಮಕ್ಕಳಿಲ್ಲದವರ ಹೆಚ್ಚುವರಿಯೂ ಸೇರಿ, 120. ಆಮೇಲೆ ತೆರಿಗೆ. ಕೈಗೆ ಬರುವುದು ಸುಮಾರು 3,100ರಿಂದ 3,200. ಇದನ್ನು ನೋಡಿ ಎದೆ ಒಡೆದುಕೊಳ್ಳಬೇಡಿ. ಸಂಪಾದನೆ ಇಲ್ಲದ ಹೆಂಡತಿ ಅಥವಾ ಗಂಡನಿಗೂ ಮಕ್ಕಳಿಗೂ ಸರ್ಕಾರಿ ಆರೋಗ್ಯ ವಿಮೆ ಅದೇ ಕಂತಿನಲ್ಲಿ ಸಿಗುತ್ತದೆ. ಊರಿನಲ್ಲಿರುವ ಅಪ್ಪ-ಅಮ್ಮನಿಗೆ ಮಾತ್ರ ಇಲ್ಲ. ಬೆಂಗಳೂರಿನ ಕಂಪನಿ ಅವರಿಗೆ ಗ್ರೂಪ್ ಇನ್ಶೂರೆನ್ಸ್ ಕೊಡುತ್ತಿದ್ದರೆ ಅದು ಕೆಲಸ ಬಿಟ್ಟ ಕೂಡಲೇ ನಿಂತಿರುತ್ತದೆ, ಅವರಿಗೆ ಬೇರೆ ಪಾಲಿಸಿ ಮಾಡಿಸಲು ಮರೆಯಬೇಡಿ. ಪೆನ್ಶನ್ ಕಟ್ಟಿದ್ದು ಸುಮ್ನೆ ಹೋಗುತ್ತೆ ಅನ್ನುವುದೂ ತಪ್ಪು. ಭಾರತ-ಜರ್ಮನಿ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ, ಐದು ವರ್ಷದ ಅರ್ಹತೆ ನೋಡುವಾಗ ಎರಡೂ ದೇಶಗಳ ಅವಧಿ ಕೂಡಿಸಿಕೊಳ್ಳಬಹುದು.

ಆಫರ್ ಹೋಲಿಸುವಾಗ ಬರೀ ಯೂರೋ ನೋಡಬೇಡಿ, ವಾರಕ್ಕೆ ಎಷ್ಟು ಗಂಟೆ ಅನ್ನುವುದನ್ನೂ ನೋಡಿ. ಮೆಟಲ್ ಟಾರಿಫ್‌ನಲ್ಲಿ ಪಶ್ಚಿಮ ಜರ್ಮನಿಯಲ್ಲಿ 35 ಗಂಟೆ, ಬೇರೆ ಕಡೆ ಅದೇ ಸಂಬಳಕ್ಕೆ 40. ರಜೆ ಕಾನೂನಿನ ಪ್ರಕಾರ ವಾರಕ್ಕೆ ಐದು ದಿನ ಕೆಲಸ ಮಾಡುವವರಿಗೆ 20 ದಿನ, ಆದರೆ ಒಳ್ಳೆಯ ಕಡೆ 30 ಕೊಡುತ್ತಾರೆ. ಅದಕ್ಕಿಂತ ಕಮ್ಮಿ ಇದ್ದರೆ ಕೇಳಿ. ಸಿಕ್ ಲೀವ್ ಬ್ಯಾಲೆನ್ಸ್ ಅನ್ನುವುದೇ ಇಲ್ಲಿಲ್ಲ. ಕೆಲಸಕ್ಕೆ ಸೇರಿ ನಾಲ್ಕು ವಾರ ಆದ ಮೇಲೆ ಒಂದು ಕಾಯಿಲೆಗೆ ಆರು ವಾರದವರೆಗೆ ಕಂಪನಿ ಪೂರ್ತಿ ಸಂಬಳ ಕೊಡುತ್ತದೆ, ನಂತರ ವಿಮೆಯವರು ಬ್ರುಟ್ಟೊದ 70 ಪರ್ಸೆಂಟ್‌ವರೆಗೆ. ರಜೆಗೆ ಮೈಸೂರಿಗೆ ಹೋಗಿ ಅಲ್ಲಿ ಡೆಂಗ್ಯೂ ಹತ್ತಿ ಮಲಗಿದರೆ ಆ ದಿನಗಳು ರಜೆಯಿಂದ ಕಡಿತ ಆಗುವುದಿಲ್ಲ, ಆದರೆ ತಕ್ಷಣ ಕಂಪನಿಗೆ ತಿಳಿಸಿ ಡಾಕ್ಟರ್ ಪತ್ರ ತಂದಿರಬೇಕು. ಗ್ರ್ಯಾಚುಯಿಟಿ ಇಲ್ಲ. ಬೈಕ್ ಲೀಸಿಂಗ್, ಹಣ್ಣಿನ ಬುಟ್ಟಿ ಇವುಗಳಿಗೆ ಮರುಳಾಗಬೇಡಿ. ಕಂಪನಿ ಪೆನ್ಶನ್‌ಗೆ ಕಂಪನಿಯವರು ಎಷ್ಟು ಹಾಕುತ್ತಾರೆ ಅಂತ ಕೇಳಿ.

ಕೆಲಸ ಚೆನ್ನಾಗಿಲ್ಲ ಅಂದಾಗ ಏನಾಗುತ್ತದೆ? ಮೊದಲ ಆರು ತಿಂಗಳು ಪ್ರೋಬೆತ್ಸೈಟ್, ಅಂದರೆ ಪ್ರೊಬೇಷನ್, ಆಗ ಎರಡು ವಾರದ ನೋಟಿಸ್‌ನಲ್ಲಿ ಕಳಿಸಬಹುದು. ಆಮೇಲೆ, ಹತ್ತಕ್ಕಿಂತ ಜಾಸ್ತಿ ನೌಕರರಿರುವ ಕಡೆ, ಕಾರಣ ಬೇಕು, ಸಾಮಾನ್ಯವಾಗಿ ಮೊದಲು ಬರವಣಿಗೆಯ ಎಚ್ಚರಿಕೆ ಬರುತ್ತದೆ. ಪಿಐಪಿ (ಗಡುವಿನೊಳಗೆ ಕೆಲಸ ಸುಧಾರಿಸಿ ಅನ್ನುವ ಯೋಜನೆ) ಅಂತ ಹೆದರಿಸಿ ರಾಜೀನಾಮೆ ಬರೆಸಿಕೊಳ್ಳುವುದು ಇಲ್ಲಿ ಸುಲಭ ಅಲ್ಲ. ಅದಕ್ಕೇ ಕೆಲವು ಕಂಪನಿಗಳು 'ಇಬ್ಬರೂ ಒಪ್ಪಿ ಕೆಲಸ ಮುಗಿಸುವ' ಪತ್ರ ಮುಂದಿಡುತ್ತವೆ. ಅಲ್ಲೇ ಸಹಿ ಹಾಕಬೇಡಿ, ಮನೆಗೆ ತಂದು ಕಾರ್ಮಿಕ ವಕೀಲರಿಗೆ ತೋರಿಸಿ. ಸಹಿ ಹಾಕಿದರೆ ನಿರುದ್ಯೋಗ ಭತ್ಯೆ 12 ವಾರ ನಿಲ್ಲುವ ಅಪಾಯ ಇದೆ. ವಜಾ ಪತ್ರವೇ ಬಂದರೆ ಕೋರ್ಟಿಗೆ ಹೋಗಲು ಮೂರು ವಾರ ಮಾತ್ರ, ಅದು ದಾಟಿದರೆ ಮುಗೀತು. ಬ್ಲೂ ಕಾರ್ಡ್ (ನುರಿತ ವಿದೇಶಿ ನೌಕರರಿಗೆ ಕೊಡುವ ವಾಸದ ಪರವಾನಗಿ) ಇರುವವರಿಗೆ ಇದರ ಜೊತೆ ವೀಸಾ ಚಿಂತೆ ಬೇರೆ.

ನೀವೇ ಮ್ಯಾನೇಜರ್ ಆಗಿ ಟೀಮ್ ಕಟ್ಟುತ್ತಿದ್ದರೆ ಡ್ರೆಸ್ಡೆನ್ ಕಡೆಯ ಒಂದು ಕೇಸು ನೆನಪಿಟ್ಟುಕೊಳ್ಳಿ. ಒಂದೇ ಕೆಲಸಕ್ಕೆ ಹೆಚ್ಚುಕಮ್ಮಿ ಒಂದೇ ಸಮಯಕ್ಕೆ ಸೇರಿದ ಒಬ್ಬ ಹೆಂಗಸಿಗೆ 3,500 ಯೂರೋ, ಗಂಡಸಿಗೆ 4,500. ಅವನು ಚೆನ್ನಾಗಿ ಚೌಕಾಸಿ ಮಾಡಿದ ಅಂತ ಕಂಪನಿ ವಾದಿಸಿತು. ಅದು ಕಾರಣವೇ ಅಲ್ಲ ಅಂತ 2023ರ ಫೆಬ್ರವರಿ 16ರಂದು ಅದೇ ಅತ್ಯುನ್ನತ ಕೋರ್ಟು ಹೇಳಿ, ಆಕೆಗೆ ಸುಮಾರು 14,500 ಯೂರೋ ಬಾಕಿ ಮತ್ತು 2,000 ಯೂರೋ ಪರಿಹಾರ ಕೊಡಿಸಿತು. ಹಾಗಾಗಿ ಅಭ್ಯರ್ಥಿ ಜಾಣ ಮಾತುಗಾರ ಅಂತ ಜಾಸ್ತಿ ಕೊಡುವ ಮೊದಲು, ಅದೇ ಕೆಲಸ ಮಾಡುತ್ತಿರುವ ಉಳಿದವರಿಗೆ ಎಷ್ಟಿದೆ ನೋಡಿ, ವ್ಯತ್ಯಾಸ ಇದ್ದರೆ ಕಾರಣ ಬರೆದಿಡಿ. ಐರೋಪ್ಯ ಒಕ್ಕೂಟದ 2023ರ ಸಂಬಳ ಪಾರದರ್ಶಕತೆ ನಿರ್ದೇಶನ ಇನ್ನೂ ಮುಂದೆ ಹೋಗುತ್ತದೆ: ಸಂಬಳದ ಮಟ್ಟವನ್ನು ಅಭ್ಯರ್ಥಿಗೆ ಮೊದಲೇ ತಿಳಿಸಬೇಕು, ಹಿಂದಿನ ಸಂಬಳ ಕೇಳಲೇಬಾರದು. ಸದಸ್ಯ ದೇಶಗಳಿಗೆ ಅದನ್ನು ಕಾನೂನು ಮಾಡಲು ಕೊಟ್ಟ ಗಡುವು 2026ರ ಜೂನ್ 7. 'ಕರೆಂಟ್ ಸಿಟಿಸಿ ಎಷ್ಟು' ಅಂತ ಶುರುಮಾಡುವ ನಮ್ಮ ಇಂಟರ್‌ವ್ಯೂ ಅಭ್ಯಾಸ ಇಲ್ಲಿಗೆ ಒಗ್ಗುವುದಿಲ್ಲ.

ಕೊನೆಗೆ ತ್ಸಾಯ್ಗ್ನಿಸ್, ಕೆಲಸ ಬಿಡುವಾಗ ಸಿಗುವ ಪತ್ರ. ನಮ್ಮ ರಿಲೀವಿಂಗ್ ಲೆಟರ್ ಥರ ಎರಡು ಸಾಲಿನದಲ್ಲ, ನಿಮ್ಮ ನಿಜವಾದ ಅಪ್ರೈಸಲ್ ಇದೇ ಅಂದರೂ ಸರಿ. ಅದನ್ನು ಪಡೆಯುವುದು ನಿಮ್ಮ ಹಕ್ಕು. ಓದಲು ಎಲ್ಲವೂ ಹೊಗಳಿಕೆಯೇ, ಆದರೆ ಒಳಗೆ ಮಾರ್ಕ್ಸ್ ಇರುತ್ತದೆ. 'ಷ್ಟೇಟ್ಸ್' (ಯಾವಾಗಲೂ) ಜೊತೆ 'ಫೋಲ್ಸ್ಟೆನ್ ತ್ಸುಫ್ರೀಡನ್‌ಹೈಟ್' (ಅತ್ಯಂತ ಪೂರ್ಣ ತೃಪ್ತಿ) ಇದ್ದರೆ ಅತ್ಯುತ್ತಮ. 'ಷ್ಟೇಟ್ಸ್' ಇದ್ದು ಬರೀ 'ಫೋಲನ್' (ಪೂರ್ಣ) ಇದ್ದರೆ ಉತ್ತಮ. 'ಷ್ಟೇಟ್ಸ್' ಇಲ್ಲದೆ 'ಫೋಲನ್' ಇದ್ದರೆ ಸಾಧಾರಣ. ಎರಡೂ ಇಲ್ಲದೆ 'ತ್ಸುಫ್ರೀಡನ್‌ಹೈಟ್' ಒಂದೇ ಇದ್ದರೆ ಪಾಸ್ ಅಷ್ಟೇ. ಸಾಧಾರಣಕ್ಕಿಂತ ಮೇಲಿನದು ಬೇಕೆಂದು ಕೋರ್ಟಿಗೆ ಹೋದರೆ ಅದಕ್ಕೆ ತಕ್ಕ ಕೆಲಸ ಮಾಡಿದ್ದೇನೆ ಅಂತ ತೋರಿಸಬೇಕಾದವರು ನೀವೇ. ಆದ್ದರಿಂದ ವರ್ಷದ ಮಾತುಕತೆಯ ಟಿಪ್ಪಣಿಗಳನ್ನು ಎತ್ತಿಡಿ, ನಿಮ್ಮ ಕೆಲಸ ಬಲ್ಲ ಮ್ಯಾನೇಜರ್ ಬೇರೆ ಕಡೆ ಹೋಗುತ್ತಾರೆ ಅಂತ ಗೊತ್ತಾದ ವಾರವೇ ಮಧ್ಯಂತರ ತ್ಸಾಯ್ಗ್ನಿಸ್ ಕೇಳಿಬಿಡಿ. ಹೊಸದಾಗಿ ಬಂದವರಿಗೆ ನೀವು ಯಾರೆಂದೇ ಗೊತ್ತಿರುವುದಿಲ್ಲ.